ಸರಿಯಾಗಿ ಸೋತ ಆಟ

ಗಡಿಯಾರ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಭೂತಗನ್ನಡಿ ಮಾವ ಎಂದು. ಭಾನುವಾರ ಮಧ್ಯಾಹ್ನ ಬೀಗದಂಗಡಿಯವನ ಮನೆಯಲ್ಲಿ ಪೋಕರ್ ಇಸ್ಪೀಟಾಟ. ಪಣ ಬರೀ ಬೆಂಕಿಕಡ್ಡಿ. ಒಂಬತ್ತು ವಾರದಿಂದ ಮಾವ ತುಂಬಿದ ಬೆಂಕಿಪೊಟ್ಟಣ ಒಯ್ದು ಖಾಲಿ ಪೊಟ್ಟಣ ತರುತ್ತಿದ್ದ. ಆದರೂ ಮುಖ ಗಂಟು ಹಾಕಿಕೊಂಡವನಲ್ಲ. ಮನೆಗೆ ಬಂದವನೇ ಸೋತ ಆಟಗಳನ್ನೆಲ್ಲ, ಯಾವ ಎಲೆ ಬಂತು, ಯಾವಾಗ ಪಣ ಏರಿಸಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು, "ತಪ್ಪೇನೂ ಕಾಣ್ತಿಲ್ಲ, ಎಲೆ ಕೈಕೊಟ್ವು" ಎನ್ನುತ್ತಿದ್ದ.

ಹೆಂಡತಿ ಒಂದು ದಿನ ಪುಸ್ತಕ ತಿರುವಿದಳು. "ಗೆದ್ದ ಆಟ ಒಂದೂ ಇಲ್ವಲ್ರೀ?"

"ಗೆದ್ದದ್ದರಲ್ಲಿ ನೋಡೋಕೇನಿದೆ?"

"ಕೆಟ್ಟ ಗಡಿಯಾರನ ಸರಿಯಾಗಿರೋದರ ಪಕ್ಕ ಇಟ್ಟು ನೋಡ್ತೀರಿ. ಇಲ್ಲಿ ಯಾಕಿಲ್ಲ?"

ಮಾವ ಗೊಣಗುತ್ತಲೇ ಹಿಂದೆ ಗೆದ್ದ ನಾಲ್ಕು ಆಟ ನೆನೆದು ಬರೆದ. ಸೋತವುಗಳ ಪಕ್ಕ ಇಟ್ಟು ಓದಿದ. ಸೋತ ಆಟಗಳಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡಿದ್ದ: ಕೆಟ್ಟ ಎಲೆ ಹಿಡಿದು, ಆಟ ಬಿಡಬೇಕಾದಲ್ಲಿ ಬಿಡದೆ ಪಣ ಕಟ್ಟುತ್ತ ಕೂತಿದ್ದ. ಕೊನೆಯ ಎಲೆ ಬಂದು ಮಾನ ಉಳಿಸಿತ್ತು. ಗೆದ್ದ ದಿನ ಅದನ್ನು ಜಾಣತನ ಎಂದಿದ್ದ, ಸೋತ ದಿನ ಹಣೆಬರಹ ಎಂದಿದ್ದ, ಅಷ್ಟೇ.

ಮುಂದಿನ ಭಾನುವಾರ ಕೆಟ್ಟ ಎಲೆ ಬಂದಾಗಲೆಲ್ಲ ಕೆಳಗಿಟ್ಟು ಆ ಆಟ ಬಿಟ್ಟ. "ಏನ್ ಮಾವ, ಹೆದರಿಬಿಟ್ರಾ?" ಎಂದು ಬೀಗದಂಗಡಿಯವನು ಕೆಣಕಿದರೂ ಜಗ್ಗಲಿಲ್ಲ.

ಸಂಜೆ ಹೆಂಡತಿ ಒಲೆಯ ಮುಂದೆ ನಿಂತಿದ್ದಳು. "ಸೋತ್ರಾ?"

"ಸೋತೆ. ಆದ್ರೆ ಸರಿಯಾಗಿ ಆಡಿ ಸೋತೆ."

"ಸರಿಯಾಗಿ ಸೋತ್ರೆ ಒಲೆ ಹತ್ತುತ್ತಾ? ಮನೇಲಿ ಒಂದು ಕಡ್ಡೀನೂ ಇಲ್ಲ."

ಮಾವ ಜೇಬಿನಿಂದ ಪೊಟ್ಟಣ ತೆಗೆದು ಅವಳ ಕಿವಿಯ ಬಳಿ ಅಲ್ಲಾಡಿಸಿದ. ಹತ್ತು ವಾರದಲ್ಲಿ ಮೊದಲ ಸಲ ಅದರೊಳಗೆ ಸದ್ದಾಯಿತು.