ಕಡೇ ಬಸ್ಸಿನ ಸೀಟಿನ ಮೇಲೊಂದು ಟವಲ್ಲು

ಈ ಊರಲ್ಲಿ ಮನುಷ್ಯರಿಗಿಂತ ಮೊದಲು ಅವರ ಟವಲ್ಲು ಬಸ್ಸು ಹತ್ತುತ್ತದೆ. ಬಂದ ಹೊಸದರಲ್ಲಿ ಒಂದು ಭಾನುವಾರ ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸಿಗೆ ಕಾದಿದ್ದೆ. ಬಸ್ಸು ಇನ್ನೂ ಸರಿಯಾಗಿ ನಿಂತಿರಲಿಲ್ಲ, ಕಿಟಕಿಗಳೊಳಕ್ಕೆ ಟವಲ್ಲು, ಚೀಲ, ಕೊಡೆ, ಒಬ್ಬ ಮಹಾನುಭಾವನ ಚಪ್ಪಲಿ ಕೂಡ ಹಾರಿಹೋದವು. ನಾನು ಹತ್ತಿ, ಖಾಲಿ ಸೀಟು ಕಂಡು ಕೂತೆ.

"ಏಳಮ್ಮ, ಟವಲ್ ಐತೆ ಕಾಣಲ್ವಾ?" ಎಂದು ಒಬ್ಬ ಗದರಿದ.

"ಟವಲ್ಲಿಗೆ ಟಿಕೇಟು ತೆಗೆಸಿದ್ದೀರಾ?" ಎಂದೆ ನಾನು. ಇಡೀ ಬಸ್ಸು ನಕ್ಕಿತು. ಆತ ಮಾತ್ರ ನಗಲಿಲ್ಲ. ಎದ್ದೆ, ಬನ್ನೇರುಘಟ್ಟದವರೆಗೂ ನಿಂತೇ ಹೋದೆ.

ಮಾಟುಂಗದಲ್ಲಿ ಕೂತು ಇದನ್ನು ಓದುವ ನಿಮಗೆ ನನ್ನ ಉರಿ ಅರ್ಥವಾಗುತ್ತದೆ. ನಮ್ಮ ಮುಂಬಯಿಯಲ್ಲಿ ಇಬ್ಬರು ಸೇರಿದರೂ ಒಬ್ಬರ ಹಿಂದೊಬ್ಬರು ನಿಲ್ಲುತ್ತೇವೆ. ಇಲ್ಲಿ ಬಸ್ಸು ಬಂತೆಂದರೆ ಜಾತ್ರೆ. ಭಾನುವಾರ ಬಂತೆಂದರೆ ನಮ್ಮಪ್ಪ ನಮ್ಮನ್ನೆಲ್ಲ ಲೋಕಲ್ ರೈಲಿಗೆ ಹತ್ತಿಸಿ ಕರ್ಜತ್ ಕಡೆಯ ಗುಡ್ಡಗಳಿಗೆ ನಡೆಸುತ್ತಿದ್ದರು. ಆ ಚಟ ಮದುವೆಯಾದ ಮೇಲೂ ಬಿಡಲಿಲ್ಲ. ನನ್ನ ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಭಾನುವಾರವೇ ಪಾಳಿ. ಮನೆಯಲ್ಲಿ ಒಬ್ಬಳೇ ಕೂತರೆ ಅಳು ಬರುತ್ತಿತ್ತು. ಹಾಗಾಗಿ ಬಸ್ಸು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗಿ, ಬಸ್ಸು ನಿಂತಲ್ಲಿಂದ ಬೆಟ್ಟ ಹತ್ತಲು ಶುರು ಮಾಡಿದೆ. ತುರಹಳ್ಳಿಯ ಬಂಡೆಗಳು, ಕನಕಪುರ ರಸ್ತೆಯ ಗುಡ್ಡಗಳು, ಬನ್ನೇರುಘಟ್ಟದ ದೇವಸ್ಥಾನದ ಹಿಂದಿನ ಬೆಟ್ಟ, ಎಲ್ಲವೂ ಹೀಗೇ ಪರಿಚಯವಾದವು. ಇಲ್ಲಿನವರಿಗೆ ಇದು ಹುಚ್ಚು. ಬೆಟ್ಟದ ಮೇಲೆ ದೇವರಿದ್ದರೆ ಸರಿ, ಸುಮ್ಮನೆ ಯಾರಾದರೂ ಹತ್ತುತ್ತಾರೆಯೇ?

ಮನೆಯ ಮಾತು ಹೇಳಬೇಕು. ಜಯನಗರದ ಅಂಚಿನಲ್ಲಿ, ಬೈರಸಂದ್ರದ ಕಡೆಗೆ, ಮುನಿಯಪ್ಪ ಎಂಬವರ ವಠಾರದಲ್ಲಿ ನಮಗೆ ಎರಡು ಕೋಣೆ. ವಠಾರವೆಂದರೆ ನಮ್ಮ ಚಾಳು ಇದ್ದಂತೆ, ಆದರೆ ನೆಲದ ಮೇಲೆ ಮಲಗಿಸಿದ ಚಾಳು, ಮಹಡಿಯಿಲ್ಲ, ಅಂಗಳವಿದೆ. ಈಗ ಜಯನಗರದ ಬ್ಲಾಕುಗಳಾಗಿರುವ ಜಾಗದಲ್ಲಿ ಮುನಿಯಪ್ಪನವರ ರಾಗಿ ಹೊಲವಿತ್ತು. ಹೊಲ ಹೋಯಿತು, ಮನೆಗಳು ಬಂದವು, ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯೇ ಈಗ ನನ್ನ ಅಡುಗೆಮನೆ. ಮುನಿಯಪ್ಪ ಕಡಿಮೆ ಮಾತಿನ, ಕೆಂಪು ಟವಲ್ಲಿನ ಮನುಷ್ಯ. ಅವರ ಹೆಂಡತಿ ಲಕ್ಕಮ್ಮ ಇಲ್ಲದಿದ್ದರೆ ನಾನು ಎಂದೋ ಮುಂಬಯಿ ರೈಲು ಹತ್ತಿರುತ್ತಿದ್ದೆ. ಬಂದಾಗ ನಾನು ಯಾರೊಡನೆಯೂ ಬೆರೆಯದೆ ಬಾಗಿಲು ಹಾಕಿಕೊಂಡಿದ್ದೆ. "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ" ಎಂದು ಬಾವಿಕಟ್ಟೆಯಲ್ಲಿ ಕಾದಿದ್ದು ಹಿಡಿದವಳು ಆಕೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿಸಿದವಳೂ ಆಕೆಯೇ. ನನ್ನನ್ನು ಕರೆಯುವುದು "ಬಾಂಬೆಯವ್ವ" ಎಂದು.

ಕಳೆದ ಚಳಿಗಾಲದ ಒಂದು ಶನಿವಾರ ಲಕ್ಕಮ್ಮ, "ನಾಳೆ ನಿನ್ ಜತೆ ನಾನೂ ಬೆಟ್ಟಕ್ಕೆ ಬತ್ತೀನಿ" ಎಂದಳು. ಮುನಿಯಪ್ಪ ನನ್ನನ್ನು ಕರೆದು, "ದೇವ್ರ ದರ್ಶನ ಅಂತವ್ಳೆ, ಹೋಗ್ಲಿ. ದೀಪ ಹಚ್ಚೋ ಹೊತ್ಗೆ ಮನೇಲಿರ್ಬೇಕು. ನಿನ್ನ ನಂಬಿ ಕಳುಸ್ತಿದೀನಮ್ಮ" ಎಂದರು. ಜೊತೆ ಸಿಕ್ಕ ಖುಷಿಯಲ್ಲಿ ನಾನು ಹೂಂ ಹೂಂ ಎಂದೆ.

ಬಸ್ಸಿನಲ್ಲಿ ಕೂತು ಅರ್ಧ ದಾರಿಯಾದ ಮೇಲೆ ಲಕ್ಕಮ್ಮ ನನ್ನ ಮುಂಗೈ ಹಿಡಿದಳು. "ನಾನು ಬೆಟ್ಟಕ್ಕೆ ಬರಲ್ಲ ಕಣವ್ವ. ನಮ್ಮವ್ವ ಹಾಸ್ಗೆ ಹಿಡ್ದವ್ಳಂತೆ. ಒಂದ್ಸಲ ಮಕ ನೋಡ್ಕೊಂಡು ಬಂದ್ಬುಡ್ತೀನಿ."

ಆಕೆಯ ತವರು ಬನ್ನೇರುಘಟ್ಟದಿಂದಾಚೆ, ಕಾಡಿನ ಅಂಚಿನ ಹಳ್ಳಿ. ವರ್ಷಗಳ ಹಿಂದೆ ಆಕೆಯ ಅಣ್ಣ ಉಳುಮೆಗೆಂದು ಮುನಿಯಪ್ಪನವರ ಎತ್ತಿನ ಜೋಡಿ ಒಯ್ದಿದ್ದ. ಒಂದು ಎತ್ತು ಅಲ್ಲೇ ಸತ್ತಿತು. "ನನ್ನೆತ್ತು ಸತ್ತ ಬಾಗ್ಲು ನಾನು ತುಳ್ಯಲ್ಲ, ನೀನೂ ತುಳೀಕೂಡ್ದು" ಎಂದು ಮುನಿಯಪ್ಪ ಆಣೆ ಹಾಕಿದ್ದರು. ಅಂದಿನಿಂದ ಲಕ್ಕಮ್ಮ ತಾಯಿಯನ್ನು ಕಂಡಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಮೊದಲೇ ಹೇಳಬಾರದಿತ್ತಾ? ಅವರಿಗೆ ಗೊತ್ತಾದರೆ ನಾಳೆ ನಮ್ಮ ಪಾತ್ರೆ ಪಗಡ ಬೀದಿಯಲ್ಲಿರುತ್ತೆ!"

"ಮೊದ್ಲೇ ಹೇಳಿದ್ರೆ ನೀನು ಕರ್ಕೊಂಡು ಬತ್ತಿದ್ದಾ?" ಎಂದಳು. ಬರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಬಸ್ಸು ನಿಂತಲ್ಲಿ ಆಕೆ ಬುತ್ತಿಯನ್ನು ನನ್ನ ಕೈಗಿಟ್ಟಳು. ಅದನ್ನು ಮುನಿಯಪ್ಪನವರ ಕೆಂಪು ಟವಲ್ಲಿನಲ್ಲೇ ಕಟ್ಟಿ ತಂದಿದ್ದಳು. "ಕಡೇ ಬಸ್ಗೆ ಬಂದೇ ಬತ್ತೀನಿ" ಎಂದು ಕೆರೆಯ ಏರಿ ಹಿಡಿದು ಬಿರಬಿರನೆ ನಡೆದುಬಿಟ್ಟಳು. ನಾನೂ ಹಿಂದೆ ಹೋಗಬಹುದಿತ್ತು, ಸಿಟ್ಟು ಬಿಡಲಿಲ್ಲ.

ಬೆಟ್ಟ ಹತ್ತಿದೆ. ಏನು ಹತ್ತುವುದು! ಕರ್ಜತ್ತಿನಲ್ಲಿ ತಪ್ಪಿದರೆ ಇನ್ನೊಂದು ರೈಲು, ಅದೂ ತಪ್ಪಿದರೆ ಮತ್ತೊಂದು. ಇಲ್ಲಿ ಕಡೇ ಬಸ್ಸು ಹೋಯಿತೆಂದರೆ ಬೆಳಗಿನ ತನಕ ಆನೆಗಳದ್ದೇ ರಾಜ್ಯ. ದಾರಿಯಲ್ಲಿ ಹಸಿ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಅರ್ಧಕ್ಕೇ ಬಂಡೆಯ ಮೇಲೆ ಕೂತೆ. ಕೆಳಗೆ ಏರಿ ಕಾಣುತ್ತಿತ್ತು, ಏರಿಯಾಚೆ ನಾಲ್ಕಾರು ಹೆಂಚಿನ ಮನೆಗಳೂ ಕಾಣುತ್ತಿದ್ದವು. ಬುತ್ತಿ ಬಿಚ್ಚಿ, ಹಾಗೇ ಮುಚ್ಚಿಟ್ಟೆ. ಬಿಸಿಲು ಹಳದಿಗೆ ತಿರುಗಿತು. ಏರಿಯ ಮೇಲೆ ದನ ಬಂದವು, ಕುರಿ ಬಂದವು, ಲಕ್ಕಮ್ಮ ಬರಲಿಲ್ಲ.

ಬೆಂಗಳೂರಿನ ಕಡೆಯಿಂದ ಧೂಳೆದ್ದಿತು. ಕಡೇ ಬಸ್ಸು. ಜಾರುತ್ತ, ಮುಳ್ಳು ಗೀಚಿಸಿಕೊಳ್ಳುತ್ತ ಓಡಿ ಇಳಿದೆ. ಅಷ್ಟರಲ್ಲಿ ಬಸ್ಸು ತಿರುಗಿಸಿಕೊಂಡು ನಿಂತಿತ್ತು, ಜನ ಮುತ್ತಿದ್ದರು. ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಬುತ್ತಿಯ ಪಾತ್ರೆ ಕಂಕುಳಿಗೆ ಸಿಕ್ಕಿಸಿ, ಟವಲ್ಲನ್ನು ಕಿಟಕಿಯೊಳಕ್ಕೆ ಎಸೆದಿದ್ದೆ. ಹತ್ತಿ ಆ ಸೀಟಿನ ಪಕ್ಕ ಕೂತೆ.

ಕಂಡಕ್ಟರು ಬಂದು, "ಟವಲ್ ಯಾರ್ದು?" ಎಂದ.

"ನಮ್ಮ ಲಕ್ಕಮ್ಮಂದು. ಬರ್ತಾಳೆ."

"ಎಲ್ಲವ್ರೆ?"

"ಏರಿ ಮೇಲೆ" ಎಂದೆ, ಏರಿಯ ಮೇಲೆ ನರಪಿಳ್ಳೆಯೂ ಇರಲಿಲ್ಲ. ಡ್ರೈವರು ಎಂಜಿನ್ನು ಗುರುಗುಟ್ಟಿಸಿದ. ಹಿಂದಿನಿಂದ ಯಾರೋ, "ಹೊತ್ತಾಯ್ತು, ಬುಡಪ್ಪ ಗಾಡಿ!" ಎಂದರು. ಮುಂಬಯಿಯಾಗಿದ್ದರೆ ಗಂಟೆ ಬಾರಿಸಿ ಹೋಗಿರುತ್ತಿದ್ದರು, ಅದೇ ಸರಿಯೆಂದು ನಾನೂ ಹೇಳಿರುತ್ತಿದ್ದೆ.

ಕಂಡಕ್ಟರು ಬಾಗಿಲಲ್ಲಿ ನಿಂತು, "ಓಲ್ಡಾನ್!" ಎಂದು ಕೂಗಿದ. ಬಸ್ಸನ್ನು ನಿಲ್ಲಿಸಿಡಲು ಇಲ್ಲಿನ ಕಂಡಕ್ಟರುಗಳ ಮಂತ್ರ ಅದು. ಗೊಣಗಿದವನ ಕಡೆ ತಿರುಗಿ, "ಟವಲ್ ಹಾಕವ್ರೆ ಅಂದ್ಮೇಲೆ ಆಳು ಬಂದೇ ಬರ್ತಾರೆ. ನಿನ್ನೆಂಡ್ರನ್ನ ಕಾಡಲ್ಲಿ ಬುಟ್ಟು ಹೋಯ್ತಿದ್ದಾ?" ಎಂದ. ಗೊಣಗಾಟ ನಿಂತಿತು. ನಿಂತವರಲ್ಲಿ ಒಬ್ಬರೂ ಆ ಸೀಟಿಗೆ ಕೈಹಾಕಲಿಲ್ಲ. ಮಗು ಎತ್ತಿಕೊಂಡಿದ್ದವಳೂ ಹಾಕಲಿಲ್ಲ.

ಕಡೆಗೆ ಏರಿಯ ಮೇಲೆ ಲಕ್ಕಮ್ಮ ಕಂಡಳು. "ಓಡ್ಬಾರವ್ವೋ!" ಎಂದು ಇಡೀ ಬಸ್ಸು ಕೂಗಿತು. ಆಕೆ ಓಡಲಿಲ್ಲ. ನಡೆದೇ ಬಂದು ನನ್ನ ಕಿಟಕಿಯ ಕೆಳಗೆ ನಿಂತಳು. ಅತ್ತು ಮುಖ ಊದಿತ್ತು. ಕೈ ಚಾಚಿ ಸೀಟಿನ ಮೇಲಿನ ಟವಲ್ಲನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು.

"ಸೀಟು ಆ ಮಗಿನ್ ತಾಯಿಗೆ ಕೊಡು. ನಾನು ಬರಲ್ಲ. ನಮ್ಮವ್ವ ಕಣ್ಬುಟ್ಟು ನನ್ನೆಸ್ರು ಕರುದ್ಲು. ಬುಟ್ಟು ಬರಕ್ಕೆ ಕಾಲು ಬರಲ್ಲ."

"ಯಜಮಾನರಿಗೆ ಏನು ಹೇಳಲಿ ಲಕ್ಕಮ್ಮ?"

"ಇದ್ದದ್ದೇ ಹೇಳು. ಟವಲ್ ಅವ್ರಿಗೆ ಕೊಡು."

"ರೈಟ್!" ಎಂದ ಕಂಡಕ್ಟರು, ಮೆಲ್ಲಗೆ.

ದಾರಿಯುದ್ದಕ್ಕೂ ಸಾಮಾನು ಯಾವ ಗಾಡಿಗೆ ಹೇರುವುದು, ಗಂಡನಿಗೆ ಏನು ಹೇಳುವುದು ಎಂದೆಲ್ಲ ಲೆಕ್ಕ ಹಾಕಿದೆ. ಮುನಿಯಪ್ಪ ಜಗಲಿಯ ಮೇಲೆ ಕೂತಿದ್ದರು. ಒಳಗೆ ದೀಪ ಹಚ್ಚಿರಲಿಲ್ಲ.

"ಅವ್ಳೆಲ್ಲಿ?"

ಟವಲ್ಲು ಕೊಟ್ಟು ಎಲ್ಲವನ್ನೂ ಹೇಳಿದೆ. ಅವರು ಅದನ್ನು ಮೊಣಕಾಲ ಮೇಲೆ ಹರಡಿ, ಮಡಿಸಿ, ಮತ್ತೆ ಹರಡಿದರು. ಬೈಗುಳ ಈಗ ಬಂತು, ಈಗ ಬಂತು ಎಂದು ನಿಂತೇ ಇದ್ದೆ.

"ನಮ್ಮತ್ತೆ ಮಾತಾಡುದ್ಲಾ?" ಎಂದರು ಕೊನೆಗೆ.

"ಮಗಳ ಹೆಸರು ಕರೆದರಂತೆ."

ಟವಲ್ಲನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಬೆಳಗ್ಗೆ ಮೊದಲ್ನೇ ಬಸ್ಸು ಎಷ್ಟೊತ್ಗಮ್ಮ?"

ಇದೇ ಮಣ್ಣಲ್ಲಿ ಹುಟ್ಟಿದ ಮನುಷ್ಯ ತನ್ನ ಹೆಂಡತಿಯ ಊರಿನ ಬಸ್ಸಿನ ಹೊತ್ತನ್ನು ಮುಂಬಯಿಯಿಂದ ಬಂದ ನನ್ನನ್ನು ಕೇಳುತ್ತಿದ್ದರು. ಹೇಳಿದೆ. ಮರುದಿನ ಬೆಳಗ್ಗೆ ಅವರು ಹೋದರು, ಎತ್ತು ಸತ್ತ ಬಾಗಿಲನ್ನು ತುಳಿದರು. ಮುದುಕಿ ಆ ವಾರವೇ ತೀರಿಕೊಂಡಳು, ಅಳಿಯನ ಕೈಯಿಂದ ನೀರು ಕುಡಿದೇ.

ಈ ಬೇಸಗೆಯಲ್ಲಿ ನಿಮ್ಮಲ್ಲಿಗೆ ಬಂದಿದ್ದೆನಲ್ಲ, ದಾದರಿನಲ್ಲಿ ಬಸ್ಸು ಹೊರಟಾಗ ನನ್ನಮ್ಮ ನಾಲ್ಕು ಹೆಜ್ಜೆ ಹಿಂದಿದ್ದಳು. "ಓಲ್ಡಾನ್!" ಎಂದು ಬೀದಿಗೆಲ್ಲ ಕೇಳುವ ಹಾಗೆ ಅರಚಿದೆ. ಬಸ್ಸು ಹೋಯಿತು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಜೊತೆಗಿದ್ದ ನನ್ನಣ್ಣ ಒಂದು ಮಾರು ದೂರ ಸರಿದು ನಿಂತ.

ಇಲ್ಲಿಯಾದರೋ, ಇಂದಿಗೂ ನಾನು ಬಸ್ಸಿಗೆ ಸಾಲಿನಲ್ಲೇ ನಿಲ್ಲುತ್ತೇನೆ. ಸಾಲಿನಲ್ಲಿ ನಾನೊಬ್ಬಳೇ. ಹೋದ ಭಾನುವಾರ ಮುನಿಯಪ್ಪ, ಲಕ್ಕಮ್ಮ, ನಾನು ಮೂವರೂ ಬನ್ನೇರುಘಟ್ಟಕ್ಕೆ ಹೊರಟಿದ್ದೆವು. "ಯಾರ್ ಹಿಂದೆ ನಿಂತಿದ್ದೀಯಮ್ಮ?" ಎಂದು ಮುನಿಯಪ್ಪ ನಕ್ಕು, ಕೆಂಪು ಟವಲ್ಲನ್ನು ಕಿಟಕಿಯೊಳಕ್ಕೆ ಬೀಸಿ ಒಗೆದರು. "ನಿಂಗೂ ಸೇರ್ಸೇ ಹಾಕಿವ್ನಿ, ಹತ್ತು."

ಹತ್ತಿ ಕೂತೆ. ಅದು ನನ್ನ ಸೀಟು ಎಂದು ಇನ್ನೂ ಅನ್ನಿಸುವುದಿಲ್ಲ. ಆದರೆ ಯಾರಾದರೂ ಏಳಮ್ಮ ಎಂದರೆ, ಈ ಸಲ ನಾನು ಏಳುವವಳಲ್ಲ.