ಸೊಸೆಯ ಸಂದರ್ಶನವೂ ನಮ್ಮ ಹಿಂದಿನ ಮೆಟ್ಟಿಲೂ

ಬಂಧುಗಳೇ, ಇವತ್ತು ಸೊಸೆಯ ಕೈಲಿ ಚೆನ್ನಾಗಿ ಸಿಕ್ಕಿಬಿದ್ದೆ. ನಾಳೆ ಅವಳಿಗೆ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಮ್ಯಾನೇಜರ್ ಕೆಲಸಕ್ಕೆ ಸಂದರ್ಶನ. ಪ್ರಶ್ನೆ ಕೇಳಿ ತಯಾರು ಮಾಡುವ ಹೊಣೆ ನನ್ನದು.

"ಬೆಂಕಿ ಬಿದ್ರೆ ಏನ್ ಮಾಡ್ತೀಯಮ್ಮ?"

"ಲಿಫ್ಟ್ ಬಳಸಲ್ಲ ಮಾವ, ಹಿಂದಿನ ಮೆಟ್ಟಿಲಲ್ಲಿ ಎಲ್ಲರನ್ನೂ ಇಳಿಸ್ತೀನಿ," ಎಂದವಳು ಎದ್ದು ನಿಂತಳು. "ನಮ್ ಬಿಲ್ಡಿಂಗಿನ ಹಿಂದಿನ ಮೆಟ್ಟಿಲು ನೋಡ್ಕೊಂಡ್ ಬರೋಣ, ಬನ್ನಿ."

ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿಗೆ ನಾನೇ ಕಾರ್ಯದರ್ಶಿ. ಮೆಟ್ಟಿಲ ತುಂಬ ಗಣೇಶನ ಪೆಂಡಾಲಿನ ಬಿದಿರು, ಮೂರನೇ ಮಹಡಿಯವರ ಹಳೇ ಹಾಸಿಗೆ. ಕೆಳಗಿನ ಬಾಗಿಲಿಗೆ ಬೀಗ.

"ಬೀಗ ಯಾಕೆ ಮಾವ?"

"ಕಳ್ಳರು ಬರಬಾರ್ದಲ್ಲಮ್ಮ, ಸೇಫ್ಟಿಗೆ."

"ನನ್ ಮನೇಲೇ ಹೀಗಿದ್ರೆ ನಾಳೆ ಯಾವ ಬಾಯಲ್ಲಿ ಉತ್ತರ ಹೇಳ್ಲಿ? ಸಂಜೆಯೊಳಗೆ ಖಾಲಿ ಮಾಡ್ಸಿ. ಮುಂಚೆ ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಫೋಟೊ ತೋರಿಸ್ತೀನಿ."

ಎಲ್ಲರೂ ಸೇರಿ ಖಾಲಿ ಮಾಡಿದೆವು. ಬೀಗವನ್ನೂ ತೆಗೆದೆ. ಅವಳು ಫೋಟೊ ಹೊಡೆದುಕೊಂಡು ಮೇಲೆ ಹೋದಳೋ ಇಲ್ಲವೋ, ಮೂರನೇ ಮಹಡಿಯವರು ಹತ್ತಿರ ಬಂದು ಕೇಳಿದರು: "ಫೋಟೊ ಆಯ್ತಲ್ಲ ಸಾರ್, ಹಾಸಿಗೆ ವಾಪಸ್ ಇಡ್ಲಾ?"

"ಕೆಲಸ ಸಿಗೋವರೆಗೂ ಇಡ್ಬೇಡಿ. ಸಿಗದಿದ್ರೆ ಅವಳು ದಿನವಿಡೀ ಮನೇಲೇ ಇರ್ತಾಳೆ, ಯೋಚನೆ ಮಾಡಿ," ಎಂದೆ.

ಆ ಪುಣ್ಯಾತ್ಮರು ಈಗ ಅವಳಿಗೆ ಕೆಲಸ ಸಿಗಲೆಂದು ಬನಶಂಕರಿಗೆ ನಿಂಬೆಹಣ್ಣಿನ ದೀಪದ ಹರಕೆ ಹೊತ್ತಿದ್ದಾರೆ.