ನಾನು ತಿದ್ದಿದ ಅಂಕೆ

ರುಖಿಯಾ, ನಿನ್ನ ತಂದೆ ಶಾರ್ಜಾದಿಂದ ಬರೆದು ಕಳಿಸಿದ್ದ ಬ್ಯಾಂಕ್ ಖಾತೆಯ ಸಂಖ್ಯೆ ಸರಿಯಾಗಿತ್ತು. ಅದನ್ನು ಕೆಡಿಸಿದವನು ನಾನು. ತಿಳಿದ ಮೇಲೂ ನಾಲ್ಕು ವರ್ಷ ಬಾಯಿ ಬಿಡಲಿಲ್ಲ — ಇದನ್ನು ಮೊದಲೇ ಬರೆದುಬಿಡುತ್ತೇನೆ, ಪೀಠಿಕೆಯ ಮರೆಯಲ್ಲಿ ತಪ್ಪಿಸಿಕೊಳ್ಳುವ ಅಭ್ಯಾಸ ನನಗಿದೆ.

ನಿನ್ನ ದೊಡ್ಡಪ್ಪ ಅಬೂಬಕ್ಕರ್ ದೇರೆಬೈಲಿನ ನನ್ನ ಮನೆಗೆ ಬಂದದ್ದು ಮಂಗಳವಾರ — ಅಲ್ಲ, ದಿನಚರಿಯನ್ನು ಈಗಷ್ಟೇ ತೆರೆದು ನೋಡಿದೆ, ಬುಧವಾರ. ನಿನ್ನ ನಿಕಾಹ್‌ಗೆ ಹನ್ನೊಂದು ದಿನ ಉಳಿದಿತ್ತು. ಕೆಲಸದ ಕಂಪನಿ ಮುಚ್ಚಿ, ವೀಸಾ ಮುಗಿದು, ದಂಡ ಕಟ್ಟದೆ ನಿನ್ನ ತಂದೆ ಅಲ್ಲಿಂದ ಹೊರಡುವಂತಿರಲಿಲ್ಲ. ದಂಡದ ಹಣವನ್ನು ಅವರ ಕೋಣೆಯ ಜೊತೆಗಾರನ ಖಾತೆಗೆ ಕಳಿಸಬೇಕಿತ್ತು. ಅವರು ಕೈಯಲ್ಲಿ ಬರೆದ ಆ ಉದ್ದನೆಯ ಸಂಖ್ಯೆಯ ಚಿತ್ರವನ್ನು ದೊಡ್ಡಪ್ಪ ನನ್ನ ಫೋನಿಗೆ ಕಳಿಸಿದರು.

“ಶೆಟ್ರೇ, ಸಾವಿರ ವರ್ಷದ ಕಲ್ಲನ್ನೇ ಓದಿದವರು ನೀವು, ಇದೆಂತ ದೊಡ್ಡದು! ನನ್ನ ತಮ್ಮನ ಅಕ್ಷರ ಕೋಳಿ ಕೆದಕಿದ ಹಾಗೆ. ಸರಿ ಉಂಟಾ ನೋಡಿ ಕೊಡಿ ಮಾರಾಯ್ರೇ.”

ಹೌದು, ಶಾಸನ ಓದುವುದೇ ನನ್ನ ವೃತ್ತಿಯಾಗಿತ್ತು. ಇಂಥ ಖಾತೆಸಂಖ್ಯೆಗೂ ಒಂದು ಪರೀಕ್ಷೆ ಇದೆ. ಮೊದಲ ನಾಲ್ಕು ಅಕ್ಷರ-ಅಂಕೆಗಳನ್ನು ಕೊನೆಗೆ ಒಯ್ದು, ಅಕ್ಷರಗಳಿಗೆ ಅಂಕೆ ಕೊಟ್ಟು, ತೊಂಬತ್ತೇಳರಿಂದ ಭಾಗಿಸಿದರೆ ಶೇಷ ಒಂದು ಬರಬೇಕು. ಬರಲಿಲ್ಲ. ಆಗ ಶಾರ್ಜಾಕ್ಕೆ ಒಂದು ಕರೆ ಮಾಡಿದ್ದರೆ ಮುಗಿಯುತ್ತಿತ್ತು. ನಾನು ಮಾಡಿದ್ದು — ಸವೆದ ಶಾಸನದ ಪಾಠವನ್ನು ತಿದ್ದುವಂತೆ ಒಂದೊಂದೇ ಅಂಕೆ ಬದಲಿಸುತ್ತಾ ಹೋದೆ. ನಡುವಿನ ಒಂದು ಸೊನ್ನೆಯನ್ನು ಆರು ಮಾಡಿದರೆ ಶೇಷ ಒಂದು! ಸೊನ್ನೆಯ ತಲೆಯಲ್ಲಿ ಸಣ್ಣ ಬಾಲವೂ ಕಂಡಿತು — ಕಾಣಲೇಬೇಕೆಂದು ನೋಡಿದವನಿಗೆ. ಆಗ ನನಗಾದ ಹಿಗ್ಗನ್ನು ಬಚ್ಚಿಡಲಾರೆ. ಹೊಸ ಹಾಳೆಯಲ್ಲಿ ದುಂಡಗೆ ಬರೆದು, “ಸರಿ ಇದೆ, ಕಳಿಸಿ” ಎಂದೆ. ತಿದ್ದಿದ್ದೇನೆಂದು ಹೇಳಲಿಲ್ಲ. ಜೀವಮಾನವಿಡೀ ಪ್ರತಿ ತಿದ್ದುಪಡಿಗೂ ಅಡಿಟಿಪ್ಪಣಿ ಬರೆದವನು ಅಲ್ಲಿ ಬರೆಯಲಿಲ್ಲ.

ಲೆಕ್ಕ ಕೂಡಿದ್ದರಿಂದ ಬ್ಯಾಂಕಿನವರೂ ಒಪ್ಪಿದರು. ಹಣ ಬರಲಿಲ್ಲವೆಂದು ನಿನ್ನ ತಂದೆ ದಿನವೂ ಕರೆ ಮಾಡಿದರಂತೆ. ರಸೀದಿ ಹಿಡಿದಿದ್ದ ದೊಡ್ಡಪ್ಪ ನಂಬಲಿಲ್ಲ. ನಿಕಾಹ್‌ನಲ್ಲಿ ತಂದೆಯ ಜಾಗದಲ್ಲಿ ಕುಳಿತವರು ಅವರೇ. ಅದಾಗಿ ಎರಡು ವಾರಕ್ಕೆ — ಹದಿನೈದನೆಯ ದಿನವಿರಬಹುದು, ಬ್ಯಾಂಕಿನ ಚೀಟಿಗೂ ನನ್ನ ದಿನಚರಿಗೂ ಒಂದು ದಿನದ ವ್ಯತ್ಯಾಸವಿದೆ — ಅಂಥ ಖಾತೆಯೇ ಇಲ್ಲವೆಂದು ಹಣ ಮರಳಿತು.

ಜೆಪ್ಪುವಿನ ನಿಮ್ಮ ಮನೆಯಲ್ಲಿ ದೊಡ್ಡಪ್ಪ ಸಿಡಿದರು. “ಬರ್ಲಿಕ್ಕೆ ಮನಸ್ಸಿಲ್ಲ ಅವನಿಗೆ. ಇಲ್ಲದ ನಂಬರ್ ಕೊಟ್ಟು ನಮ್ಮನ್ನು ಮಂಗ ಮಾಡಿದ. ಅಲ್ಲವಾ ಶೆಟ್ರೇ?”

ನೀನು ತವರಿಗೆ ಬಂದಿದ್ದೆ. ಚಹಾದ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದೆ. ನಾನು ಹೇಳಿದೆ —

“ಅವರು ಬರೆದ ಸಂಖ್ಯೆಯಲ್ಲೇ ದೋಷ ಇತ್ತು.”

“ಇನ್ನು ಅಪ್ಪನ ಸುದ್ದಿ ನನ್ನ ಹತ್ರ ಎತ್ಬೇಡಿ, ದೊಡ್ಡಪ್ಪ,” ಎಂದು ನೀನು ತಟ್ಟೆ ಇಟ್ಟು ಒಳಗೆ ಹೋದೆ.

ಅಂದು ಸಂಜೆಯೇ ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕೊನೆಯ ಕಡೆ ನಾನು ಐದು ಎಂದು ಓದಿದ್ದ ಅಂಕೆ ಎಂಟು. ಎಂಟನ್ನಿಟ್ಟು, ಸೊನ್ನೆಯನ್ನು ಸೊನ್ನೆಯಾಗಿಯೇ ಬಿಟ್ಟು, ಮೂರು ಸಲ ಭಾಗಿಸಿದೆ. ಮೂರು ಸಲವೂ ಶೇಷ ಒಂದು. ಜೆಪ್ಪುವಿಗೆ ಆಗಲೇ ಆಟೋ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಏಕೆಂದರೆ — ಇಲ್ಲಿ ಬರೆದ ಎರಡು ಕಾರಣಗಳನ್ನು ಈಗ ಹೊಡೆದುಹಾಕಿದ್ದೇನೆ.

ಆಮೇಲೆ ದಂಡ ಮನ್ನಾ ಆಗಿ ನಿನ್ನ ತಂದೆ ಊರಿಗೆ ಬಂದರು. ಪಣಂಬೂರಿನ ಬಾಡಿಗೆ ಕೋಣೆಯಲ್ಲಿದ್ದು ಬಂದರಿನ ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ನಿನ್ನ ಮಗುವನ್ನು ಇನ್ನೂ ನೋಡಿಲ್ಲ. ಕಳೆದ ವಾರ ಬಸ್ಸಿನಲ್ಲಿ ಸಿಕ್ಕಿ ನನಗೆ ಸೀಟು ಬಿಟ್ಟುಕೊಟ್ಟರು. “ಮಗಳಿಗೆ ಬೇಜಾರು ಶೆಟ್ರೇ, ನಿಕಾಹ್‌ಗೆ ಬರ್ಲಿಲ್ಲ ಅಲ್ಲ ನಾನು. ಇರ್ಲಿ. ನಿಮ್ಮ ಮೊಣಕಾಲು ಹೇಗುಂಟು?” ಎಂದು ಕೇಳಿದರು. ನಾನು ಮೊಣಕಾಲಿನ ಬಗ್ಗೆ ಉತ್ತರ ಹೇಳಿದೆ.

ಈ ಪತ್ರದ ಪ್ರತಿಯನ್ನು ನಾಳೆ ನಿನ್ನ ದೊಡ್ಡಪ್ಪನ ಅಂಗಡಿಗೆ ಒಯ್ದು, ಅವರ ಎದುರಿಗೇ ಓದುತ್ತೇನೆ. ಗುರುವಾರ ಪಣಂಬೂರಿಗೆ ಹೋಗಿ ನಿನ್ನ ತಂದೆಗೂ ನಾನೇ ಹೇಳುತ್ತೇನೆ. ನನಗೆ ನೀನು ಉತ್ತರ ಬರೆಯಬೇಕಾಗಿಲ್ಲ. ನಿನ್ನ ತಂದೆಗೆ ಶುಕ್ರವಾರ ರಜೆ. ನಮಾಜು ಮುಗಿಸಿ ಬಂದರೆ ಸಂಜೆಯವರೆಗೂ ಕೋಣೆಯಲ್ಲೇ ಇರುತ್ತಾರೆ.